ಸದ್ದಿಲ್ಲದ ಕಂಪ್ಯೂಟರ್

ಬಸ್ ನಿಲ್ದಾಣದಲ್ಲಿ ಅವಳಿಗೆ ಮೈಕಮ್ಮ ಎಂದು ಹೆಸರು ಬಿದ್ದಿತ್ತು. ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ, ಯಾವುದು ತಡ, ಯಾರ ಮಗು ವಿಚಾರಣೆ ಕೌಂಟರಿನ ಮುಂದೆ ಅಳುತ್ತಾ ನಿಂತಿದೆ ಎಂಬುದನ್ನೆಲ್ಲ ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು ಸಾರುವುದು ಅವಳ ಕೆಲಸ. ತಲೆ ನರೆಯುವವರೆಗೂ ಅದನ್ನೇ ಮಾಡಿದಳು. ಆಮೇಲೆ ನಿಲ್ದಾಣಕ್ಕೆ ರೆಕಾರ್ಡ್ ಮಾಡಿದ ದನಿಯೊಂದು ಬಂತು. ಆ ದನಿಗೆ ಶೀತವಾಗುವುದಿಲ್ಲ, ರಜೆ ಬೇಡ, ಮಧ್ಯೆ ಮಧ್ಯೆ ಕಾಫಿ ಬೇಡ. ಮೈಕಮ್ಮನ ಕೈಗೊಂದು ಹೂಗುಚ್ಛ ಕೊಟ್ಟು, ಫೋಟೋ ತೆಗೆದು ಕಳಿಸಿಕೊಟ್ಟರು. ಅವಳೇನೂ ಅಳುತ್ತಾ ಕೂರಲಿಲ್ಲ. ತಮ್ಮನ ಮನೆಗೆ ಬಂದು, ಅಲ್ಲಿಯ ಹಜಾರದಲ್ಲೇ ಕೆಲಸ ಮುಂದುವರಿಸಿದಳು.

"ನೀರು ಕಾದಿದೆ, ಸ್ನಾನಕ್ಕೆ ಹೋಗುವವರು ಹೋಗಬಹುದು. ಗಮನಿಸಿ, ತಾರಸಿಯ ಮೇಲೆ ಒಣಹಾಕಿದ ಬಟ್ಟೆ ಇನ್ನೂ ಅಲ್ಲೇ ಇದೆ."

ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿ ಆ ತಮ್ಮ ಮೇಷ್ಟ್ರು. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಭಾನುವಾರವೆಂದರೆ ಸಾಮಾನ್ಯವಾಗಿ ಅವಳಿಗೆ ಪಾಳಿ. ಅವರಿಗೊಬ್ಬಳೇ ಮಗಳು. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಮಾತು ಬಲು ಕಡಿಮೆ. ಊಟ ಆಯ್ತಾ ಎಂದರೆ "ಹೂಂ", ಕೆಲಸ ಹೇಗಿತ್ತು ಎಂದರೆ "ಇತ್ತು". ಅದಕ್ಕೇ ಮನೆಯಲ್ಲಿ ಅವಳು ಚುಟುಕಿ.

ಚುಟುಕಿಗೆ ವಾರವೆಲ್ಲ ಒಂದು ಲೆಕ್ಕ, ಭಾನುವಾರ ಮಧ್ಯಾಹ್ನ ಇನ್ನೊಂದು ಲೆಕ್ಕ. ಊಟ ಮುಗಿಸಿ ಮೂಲೆಯ ಕೋಣೆಗೆ ಸೇರಿಕೊಂಡು ಹಳೇ ಕಂಪ್ಯೂಟರಿನಲ್ಲಿ ಕಾರು ರೇಸಿನ ಆಟಕ್ಕೆ ಕೂತರೆ ದೀಪ ಹಚ್ಚುವ ಹೊತ್ತಿಗೇ ಏಳುವುದು. ಅಂಥದ್ದೊಂದು ಭಾನುವಾರ ಮೈಕಮ್ಮ ಅದೇ ಕೋಣೆಯ ಮಂಚದ ಮೇಲೆ ಬಟ್ಟೆ ಮಡಚುತ್ತಾ ಕೂತಿದ್ದಳು. ತೆರೆಯ ಮೇಲೆ ಚುಟುಕಿಯ ಹಳದಿ ಕಾರಿನ ಬೆನ್ನಿಗೆ ಕೆಂಪು ಕಾರೊಂದು ಬಿದ್ದಿತ್ತು. ಮೈಕಮ್ಮನ ಬಾಯಿ ತಡೆಯಲಿಲ್ಲ.

"ಪ್ರಯಾಣಿಕರ ಗಮನಕ್ಕೆ. ಕೆಂಪು ಕಾರು ಎಡಗಡೆಯಿಂದ ನುಗ್ಗುತ್ತಿದೆ. ಅದಕ್ಕೆ ಬ್ರೇಕೂ ಇಲ್ಲ, ನಾಚಿಕೆಯೂ ಇಲ್ಲ. ದಯವಿಟ್ಟು ಎಲ್ಲರೂ ಹಿಂದೆ ಸರಿಯಿರಿ!"

ಚುಟುಕಿಗೆ ಎಂಥಾ ನಗು ಬಂತೆಂದರೆ ಹಳದಿ ಕಾರು ಹೋಗಿ ಗೋಡೆಗೆ ಗುದ್ದಿತು. ಅವಳು ಕಣ್ಣೊರೆಸಿಕೊಂಡು ಹಿಂದೆ ತಿರುಗಿ, "ಇನ್ನೊಂದ್ ಸಲ" ಎಂದಳು.

ಹಾಗೆ ಶುರುವಾದದ್ದು ರೂಢಿಯೇ ಆಗಿಹೋಯಿತು. ಒಬ್ಬಳು ಆಡುವುದು, ಒಬ್ಬಳು ಸಾರುವುದು. ಚುಟುಕಿ ಒಂದು ದಿನ ಅತ್ತೆಯ ಮಾತನ್ನು ಫೋನಿನಲ್ಲಿ ಹಿಡಿದು, ಇಂಟರ್ನೆಟ್ಟಿನಲ್ಲಿ ತನ್ನ ಜೊತೆ ರೇಸಿಗೆ ಬರುವ ಗೆಳೆಯ ಗೆಳತಿಯರಿಗೆ ಕಳಿಸಿದಳು. ಅವರಲ್ಲಿ ಯಾರನ್ನೂ ಅವಳು ಮುಖತಃ ಕಂಡವಳಲ್ಲ. ಅವರೆಲ್ಲ ಈ ಅಜ್ಜಿ ಯಾರು, ಇನ್ನಷ್ಟು ಕಳಿಸು ಎಂದು ದುಂಬಾಲು ಬಿದ್ದರು.

"ಲೈವ್ ಮಾಡು ಅಂತಿದಾರೆ," ಎಂದಳು ಚುಟುಕಿ.

"ಅಜ್ಜಿ ಅಂದೋರು ಯಾರು ಅಂತ ಮೊದ್ಲು ಹೇಳು. ಆಮೇಲೆ ಲೈವ್ ಅಂದ್ರೇನು ಅಂತ ಹೇಳು."

"ನಾನು ಆಡೋದು, ನೀನು ಮಾತಾಡೋದು, ಅವ್ರು ಅವರವರ ಮನೇಲಿ ಕೂತ್ಕೊಂಡು ಆಗಿಂದಾಗ್ಲೇ ನೋಡೋದು."

ಚುಟುಕಿಯ ಬಾಯಿಂದ ಅಷ್ಟುದ್ದದ ಮಾತು ಬಂದದ್ದೇ ಒಂದು ಸುದ್ದಿ. ಮೈಕಮ್ಮ ಮಡಚಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮತ್ತೆ ಮಡಚಿದಳು. ಕೇಳುವವರಿದ್ದಾರೆ! ಎದೆಯೊಳಗೆ ಏನೋ ಗರಿಗೆದರಿದಂತಾಯಿತು.

ಆದರೆ ಹಳೇ ಕಂಪ್ಯೂಟರು ಕೈಕೊಟ್ಟಿತು. ಆಟವೊಂದನ್ನೇ ಅದು ಹೇಗೋ ಏದುಸಿರು ಬಿಡುತ್ತಾ ನಡೆಸಿಕೊಂಡು ಹೋಗುತ್ತಿತ್ತು. ಆಟವನ್ನೂ ಆಡಿಸಿ, ಅದೇ ಹೊತ್ತಿಗೆ ಆ ಚಿತ್ರವನ್ನೂ ಮಾತನ್ನೂ ಊರಾಚೆಯವರಿಗೆ ಕಳಿಸು ಎಂದರೆ, ಹಳದಿ ಕಾರು ಒಂದೊಂದು ಹೆಜ್ಜೆಗೂ ಯೋಚನೆ ಮಾಡುತ್ತಾ ನಿಲ್ಲುತ್ತಿತ್ತು. ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡಿದ ಮೇಷ್ಟ್ರು, "ನನ್ನ ಮೊದಲನೇ ವಾರದ ವಿದ್ಯಾರ್ಥಿಗಳೂ ಇದಕ್ಕಿಂತ ಚೆನ್ನಾಗಿ ಓಡಿಸ್ತಾರೆ" ಎಂದ. ಹೊಸ ಕಂಪ್ಯೂಟರಿನ ವಿಷಯ ಎತ್ತಿದಾಗ ಅವನು ಮೂಗು ಮುರಿದ.

"ಆಟ ಆಡೋದನ್ನ ನೋಡೋಕೆ ಯಾರಿಗಕ್ಕ ಪುರುಸೊತ್ತಿರುತ್ತೆ?"

"ನಿಲ್ದಾಣದಲ್ಲಿ ನಾನು ಹೇಳಿದ್ದನ್ನ ಯಾರೂ ಪುರುಸೊತ್ತು ಮಾಡ್ಕೊಂಡು ಕೇಳ್ತಿರ್ಲಿಲ್ಲ ಕಣೋ. ಕೇಳಿಸ್ತಿತ್ತು, ಅಷ್ಟೆ. ಇಲ್ಲಿ ಬೇಕು ಅಂತ ಕೇಳೋರಿದಾರಂತೆ."

ಸೋದರತ್ತೆ, ಸೊಸೆ ಇಬ್ಬರೂ ಅರ್ಧರ್ಧ ದುಡ್ಡು ಹಾಕಿಕೊಳ್ಳುವುದೆಂದು ಮಾತಾಯಿತು. ಸಿದ್ಧ ಕಂಪ್ಯೂಟರ್ ತರುವ ಬದಲು ಒಂದೊಂದು ಭಾಗವನ್ನೂ ಆರಿಸಿ ಜೋಡಿಸಿದರೆ ಕೈಯಲ್ಲಿದ್ದ ದುಡ್ಡಿಗೆ ಒಳ್ಳೆಯದು ಸಿಗುತ್ತದೆ ಎಂದು ಚುಟುಕಿಯ ಲೆಕ್ಕ. ಸರಿ, ಶನಿವಾರ ಇಬ್ಬರೂ ಹೊರಟರು.

ಅಂಗಡಿ ಇದ್ದದ್ದು ಚಪ್ಪಲಿ ಅಂಗಡಿಯೊಂದರ ಮೇಲೆ, ಕಿರಿದಾದ ಮೆಟ್ಟಿಲು ಹತ್ತಿದರೆ ಸಿಗುವ ಉದ್ದನೆಯ ಕೋಣೆಯಲ್ಲಿ. ಗೋಡೆಯುದ್ದಕ್ಕೂ ರಟ್ಟಿನ ಡಬ್ಬಿಗಳು, ಕಂಪ್ಯೂಟರಿನ ಭಾಗಗಳನ್ನು ಕೂರಿಸುವ, ಬಣ್ಣಬಣ್ಣದ ದೀಪ ಹೊತ್ತಿಸಿಕೊಂಡ ಗಾಜಿನ ಕ್ಯಾಬಿನೆಟ್ಟುಗಳು. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಅಂಗಡಿಯವನು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದ.

"ಆಟಕ್ಕೋ, ಲೈವ್‌ಗೋ?" ಎಂದು ಕೇಳಿದ.

"ಎರಡಕ್ಕೂ," ಎಂದಳು ಚುಟುಕಿ.

ಅವನ ಮುಖ ಅರಳಿತು. ಪ್ರೊಸೆಸರು, ಅದು ಕೂರುವ ಮದರ್‌ಬೋರ್ಡು, ರ‍್ಯಾಮು, ಡಿಸ್ಕು, ಇವನ್ನೆಲ್ಲ ಅವನೂ ಚುಟುಕಿಯೂ ಮದುವೆಯ ಮಾತುಕತೆಗೆ ಕೂತ ಹಿರಿಯರ ಹಾಗೆ ಹಿಂದುಮುಂದು ವಿಚಾರಿಸಿ ಇತ್ಯರ್ಥ ಮಾಡಿದರು. ಯಾವುದು ಯಾವುದಕ್ಕೆ ಹೊಂದುತ್ತದೆ, ಯಾವುದರ ಜೊತೆ ಯಾವುದು ಬಾಳುವುದಿಲ್ಲ ಎಂದು ಚುಟುಕಿ ಪಟಪಟನೆ ಹೇಳುತ್ತಿದ್ದರೆ ಮೈಕಮ್ಮ ಬೆಕ್ಕಸಬೆರಗಾಗಿ ನೋಡುತ್ತಿದ್ದಳು. ಮನೆಯಲ್ಲಿ "ಹೂಂ" ಎನ್ನಲೂ ಬಾಯಿ ನೋಯಿಸಿಕೊಳ್ಳುವ ಹುಡುಗಿ ಇವಳೇನಾ?

ಆಮೇಲೆ ಗ್ರಾಫಿಕ್ಸ್ ಕಾರ್ಡಿನ ಸರದಿ. ತೆರೆಯ ಮೇಲಿನ ಚಿತ್ರ ಬಿಡಿಸುವುದೂ ಅದನ್ನು ಲೈವ್‌ಗೆ ಕಳಿಸುವುದಕ್ಕೆ ಹದ ಮಾಡುವುದೂ ಇದೇ ಎಂದು ಅಂಗಡಿಯವನು ವಿವರಿಸಿದ. ಮೂರು ಫ್ಯಾನಿನ ದೊಡ್ಡ ಕಾರ್ಡೊಂದನ್ನು ಚುಟುಕಿ ಎರಡೂ ಕೈಯಲ್ಲಿ ಹಸುಗೂಸಿನಂತೆ ಎತ್ತಿಕೊಂಡಳು.

"ಇದು ಸದ್ದೆಷ್ಟು ಮಾಡುತ್ತೆ?" ಎಂದು ಕೇಳಿದಳು ಮೈಕಮ್ಮ.

ಅಲ್ಲಿಂದಾಚೆಗೆ ಅವಳದೊಂದೇ ಹಠ. ಅವಳು ಅಷ್ಟು ವರ್ಷ ಮಾತಾಡಿದ್ದು ಬಸ್ಸುಗಳ ಗೊರಗೊರ ಸದ್ದಿನ ಮೇಲೆ. ಇನ್ನಾದರೂ ತನ್ನ ದನಿಯ ಹಿಂದೆ ಯಾವ ಇಂಜಿನ್ನೂ ಇರಬಾರದು. ಒಂದೊಂದು ಫ್ಯಾನನ್ನೂ ತಿರುಗಿಸಿ ಎಂದು ಹೇಳಿ ಕಣ್ಣು ಮುಚ್ಚಿಕೊಂಡಳು. ಅಂಗಡಿಯವನು ನಗುತ್ತಲೇ ತಿರುಗಿಸಿದ. ಇದು ಸಿಳ್ಳೆ ಹಾಕುತ್ತೆ, ಇದು ಗೊಣಗುತ್ತೆ, ಇದು ಪರವಾಗಿಲ್ಲ ಎಂದು ವಿಂಗಡಿಸಿದಳು. ಮೈಕಿನ ಬಳಿಗೆ ಬಂದಾಗ, ನಡುವೆ ಹೊಳೆಯುವ ಜಾಲರಿಯಿದ್ದ ದುಬಾರಿ ಮೈಕೊಂದು ಅವಳ ಕಣ್ಣು ಸೆಳೆಯಿತು.

"ಅಮ್ಮಾ, ಇದು ಸೂಜಿ ಬಿದ್ರೂ ಎತ್ಕೊಳ್ಳುತ್ತೆ," ಎಂದ ಅಂಗಡಿಯವನು. "ಹಾಡೋರ ಸ್ಟುಡಿಯೋಗೆ ಸರಿ. ಮನೇಲಿ ಕಷ್ಟ."

"ಸೂಜಿನೇ ಬೀಳದ ಹಾಗೆ ನೋಡ್ಕೊಂಡ್ರಾಯ್ತು. ಸದ್ದೇ ಮಾಡದ ಕ್ಯಾಬಿನೆಟ್ ಕೊಡಿ."

ಸುತ್ತಲೂ ಒಳಗಡೆ ದಪ್ಪ ಸ್ಪಂಜು ಹೊದಿಸಿದ, ಮುಂದುಗಡೆ ಗಟ್ಟಿ ಬಾಗಿಲಿದ್ದ ಕಪ್ಪು ಕ್ಯಾಬಿನೆಟ್ಟು ಬಂತು. ಒಳಗೆ ಗಾಳಿ ಸರಿಯಾಗಿ ಆಡುವುದಿಲ್ಲ, ಕಾರ್ಡು ಬಿಸಿಯಾಗುತ್ತದೆ ಎಂದು ಅಂಗಡಿಯವನು ಮತ್ತೆ ಹೇಳಿದ. ಮೈಕಮ್ಮ ಆಗಲೇ ಆ ಹೊಸ ಮೈಕಿನ ಮುಂದೆ "ಹಲೋ, ಹಲೋ" ಎನ್ನುತ್ತಾ ಮೈಮರೆತಿದ್ದಳು. ಚುಟುಕಿ ಮೈಕಿನ ಕಡೆ ನೋಡಿದಳು, ಕ್ಯಾಬಿನೆಟ್ಟಿನ ಕಡೆ ನೋಡಿದಳು. ಕೈಯಲ್ಲಿದ್ದ ದೊಡ್ಡ ಕಾರ್ಡನ್ನು ಮೆಲ್ಲಗೆ ಡಬ್ಬಿಯೊಳಗೆ ಇಟ್ಟು, "ಚಿಕ್ಕದು ಸಾಕು" ಎಂದಳು.

ಜೋಡಿಸುವ ಕೆಲಸ ಅಂಗಡಿಯಲ್ಲೇ ಆಯಿತು. ಚುಟುಕಿ ಕನ್ನಡಕದ ಸಣ್ಣ ತಿರುಪಿಗೆ ಪಳಗಿದ ಕೈಯವಳು, ಇಲ್ಲಿಯವನ್ನೆಲ್ಲ ಅವಳೇ ಕೂರಿಸಿದಳು. ಕ್ಯಾಬಿನೆಟ್ಟಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳಲು ಅಂಗಡಿಯವನು ಕೈಹಾಕಿದಾಗ ಮೈಕಮ್ಮ ಹೌಹಾರಿದಳು. ಹೊಸ ವಸ್ತುವಿನ ಹಾಳೆ ತಾನಾಗಿಯೇ ಉದುರುವವರೆಗೆ ಯಾರೂ ಮುಟ್ಟಕೂಡದು ಎಂಬುದು ಅವಳ ಕಾಯಿದೆ. ಮನೆಯ ಫ್ರಿಜ್ಜಿನ ಹಿಡಿಗೆ ಇನ್ನೂ ಹಾಳೆ ಅಂಟಿಕೊಂಡೇ ಇತ್ತು. ಟ್ಯಾಕ್ಸಿಯಲ್ಲಿ ಮೈಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಮನೆಯವರೆಗೂ ಬೀಗುತ್ತಾ ಬಂದಳು.

ಮರುದಿನ ಮೊದಲ ಲೈವ್. ನೋಡಲು ಬಂದವರು ಬೆರಳೆಣಿಕೆಯಷ್ಟು ಜನ, ಎಲ್ಲರೂ ಚುಟುಕಿಯ ರೇಸಿನ ಜೊತೆಗಾರರೇ. ಮೈಕಮ್ಮ ಕೋಣೆಯ ನಡುವೆ ನೆಟ್ಟಗೆ ನಿಂತು, ಹೊಟ್ಟೆಯಿಂದ ದನಿ ತೆಗೆದು ಶುರು ಮಾಡಿದಳು. ನಿಲ್ದಾಣದ ಮೈಕು ಗೋಡೆಯಿಂದ ಚಾಚಿಕೊಂಡಿರುತ್ತಿತ್ತು, ಅದಕ್ಕೆ ಕೂಗಿಯೇ ಹೇಳಬೇಕಿತ್ತು. ಕೂಗುವುದೇ ಅವಳಿಗೆ ಮಾತು. ನೋಡುವವರು ಬರೆದದ್ದು ತೆರೆಯ ಪಕ್ಕದಲ್ಲಿ ಕಾಣಿಸತೊಡಗಿತು. ದನಿ ಬಾವಿಯಿಂದ ಬಂದ ಹಾಗಿದೆ ಎಂದೊಬ್ಬರು, ಯಾರದೋ ಬಟ್ಟೆ ಒಗೆಯುವ ಯಂತ್ರ ಕೇಳಿಸುತ್ತಿದೆ ಎಂದಿನ್ನೊಬ್ಬರು, ಏನೋ ಗುಂಯ್ ಅನ್ನುತ್ತಿದೆ ಎಂದು ಮತ್ತೊಬ್ಬರು.

ಗುಂಯ್ ಅನ್ನುವುದು! ಮೈಕಮ್ಮನ ಅನುಮಾನ ನೇರವಾಗಿ ಕಂಪ್ಯೂಟರಿನ ಮೇಲೇ ಹೋಯಿತು. ರೇಸು ಕಾವೇರಿದ್ದ ಹೊತ್ತು, ಚುಟುಕಿಯ ಕಣ್ಣು ತೆರೆಯ ಮೇಲಿದ್ದಾಗ, ಅವಳು ಬಗ್ಗಿ ಕ್ಯಾಬಿನೆಟ್ಟನ್ನು ಮೇಜಿನ ಕೆಳಗಿದ್ದ ಕಪಾಟಿನೊಳಕ್ಕೆ ತಳ್ಳಿ, ವೈರಿಗಷ್ಟು ಸಂದಿ ಬಿಟ್ಟು ಬಾಗಿಲು ಮುಚ್ಚಿದಳು. ಅದರ ಮೇಲೊಂದು ಹೊದಿಕೆಯನ್ನೂ ಇಳಿಬಿಟ್ಟಳು. ಹಾ, ಈಗ ಸದ್ದಡಗಿತು.

ಕೊನೆಯ ಸುತ್ತು. ಹಳದಿ ಕಾರು ಎರಡನೆಯ ಸ್ಥಾನದಲ್ಲಿತ್ತು. "ಪ್ರಯಾಣಿಕರೇ, ಇನ್ನೊಂದೇ ತಿರುವು, ಇನ್ನೊಂದೇ..." ಎನ್ನುವಷ್ಟರಲ್ಲಿ ತೆರೆ ಕಪ್ಪಾಯಿತು. ಕಾರೂ ಇಲ್ಲ, ರಸ್ತೆಯೂ ಇಲ್ಲ.

ಚುಟುಕಿ ಬಗ್ಗಿ ಹೊದಿಕೆ ಸರಿಸಿ ಬಾಗಿಲು ತೆಗೆದಳು. ಒಲೆಯ ಬಾಯಿಂದ ಬಂದಂತೆ ಬಿಸಿಗಾಳಿ ಮುಖಕ್ಕೆ ರಾಚಿತು.

"ನಾನೇ ಮುಚ್ಚಿದ್ದು," ಎಂದಳು ಮೈಕಮ್ಮ. ದನಿ ಸೂಜಿಯಷ್ಟಾಗಿತ್ತು. "ಸದ್ದು ಬರ್ತಿದೆ ಅಂದ್ರಲ್ಲ, ಅದಕ್ಕೆ... ಸುಟ್ಟೇಹೋಯ್ತಾ?"

"ಇಲ್ಲ. ಬಿಸಿಯಾದ್ರೆ ತಾನೇ ನಿಂತ್ಕೊಳ್ಳುತ್ತೆ. ಆರ್ಲಿ."

ಬೈದಿದ್ದರೆ ವಾಸಿಯಿತ್ತು. ಆರಲಿ ಎಂದು ಇಬ್ಬರೂ ಕೂತರು. ಸ್ವಲ್ಪ ಹೊತ್ತಿನ ಮೇಲೆ ಕಂಪ್ಯೂಟರು ಮತ್ತೆ ಹೊತ್ತಿಕೊಂಡಾಗ ಮೈಕಮ್ಮ ಮೊದಲ ಸಲ ತೆರೆಯನ್ನು ಸಾವಧಾನವಾಗಿ ನೋಡಿದಳು. ರಸ್ತೆಯ ಪಕ್ಕದ ಮರಗಳು ಹಸಿರು ರಟ್ಟು ಕತ್ತರಿಸಿ ನಿಲ್ಲಿಸಿದ ಹಾಗಿದ್ದವು.

"ಅಲ್ಲ, ಈ ಮರಕ್ಕೆ ಎಲೆನೇ ಇಲ್ವಲ್ಲೇ?"

"ಸೆಟ್ಟಿಂಗ್‌ನಲ್ಲಿ ಎಲೆ ತೆಗ್ದಿದೀನಿ. ಇಲ್ಲಾಂದ್ರೆ ಕಾರು ತಡವರಿಸುತ್ತೆ. ಕಾರ್ಡು ಚಿಕ್ಕದು."

"ಅಂಗಡೀಲಿ ದೊಡ್ಡದು ಎತ್ಕೊಂಡಿದ್ಯಲ್ಲ?"

ಚುಟುಕಿ ಹೆಗಲು ಕುಣಿಸಿ, "ದುಡ್ಡು ನಿನ್ನ ಮೈಕಿಗೆ ಬೇಕಿತ್ತಲ್ಲ" ಎಂದಳು. ಆ ಮಾತಿನಲ್ಲಿ ಕೊಂಕೂ ಇರಲಿಲ್ಲ, ದೂರೂ ಇರಲಿಲ್ಲ. ಅದಕ್ಕೇ ಅದು ಮೈಕಮ್ಮನಿಗೆ ನಾಟಿತು. ಆ ಸಂಜೆ ಮನೆಯಲ್ಲಿ ಯಾವ ಪ್ರಕಟಣೆಯೂ ಹೊರಡಲಿಲ್ಲ. ಅಕ್ಕನಿಗೆ ಜ್ವರವೇ ಎಂದು ಮೇಷ್ಟ್ರು ಹಣೆ ಮುಟ್ಟಿ ನೋಡಿದ.

ಮರುದಿನ ಚುಟುಕಿ ಕೆಲಸಕ್ಕೆ ಹೋದ ಮೇಲೆ ಮೈಕಮ್ಮ ಮೈಕಿನ ಡಬ್ಬಿ ಎತ್ತಿಕೊಂಡು ಒಬ್ಬಳೇ ಅಂಗಡಿಯ ಮೆಟ್ಟಿಲು ಹತ್ತಿದಳು. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಹೊದಿಕೆಯ ವಿಷಯ ಬಂದಾಗ ಅಂಗಡಿಯವನು ತಲೆ ಮೇಲೆ ಕೈಹೊತ್ತುಕೊಂಡ.

"ನಾನು ಮೊದ್ಲೇ ಹೇಳಿದ್ನಲ್ಲಮ್ಮ!"

"ಹೇಳಿದ್ರಿ. ಇಷ್ಟು ವರ್ಷ ಹೇಳೋದೇ ನನ್ನ ಕೆಲ್ಸ ಆಗಿತ್ತು ನೋಡಿ, ಕೇಳಿಸ್ಕೊಳ್ಳೋ ಅಭ್ಯಾಸ ತಪ್ಪಿಹೋಗಿದೆ. ಈಗ ಹೇಳಿ. ಕೇಳಿಸ್ಕೊಳ್ತೀನಿ."

ಅವನು ನಗುತ್ತಾ ಒಳಗಿನಿಂದ ಬೇರೊಂದು ಮೈಕು ತಂದ. ನೋಡಲು ಏನೇನೂ ಚೆಂದವಿಲ್ಲದ, ಮೊಂಡು ಮೂತಿಯ ಮೈಕು, ಬೆಲೆಯೂ ಕಡಿಮೆ. ಅದನ್ನು ತೋಳಿನಂಥ ಕಂಬಿಯೊಂದಕ್ಕೆ ಸಿಕ್ಕಿಸಿ ಅವಳ ಮುಂದಕ್ಕೆ ಎಳೆದ. ಬೇಕೆಂದೇ ಪಕ್ಕದಲ್ಲೊಂದು ಕಂಪ್ಯೂಟರಿನ ಫ್ಯಾನುಗಳನ್ನು ಜೋರಾಗಿ ಬಿಟ್ಟ.

"ಇದು ದೂರದ್ದನ್ನ ಕೇಳಿಸ್ಕೊಳ್ಳೋದೇ ಇಲ್ಲ. ಹತ್ರ ಬಂದೋರ ಮಾತು ಮಾತ್ರ. ಬನ್ನಿ. ಇನ್ನೂ ಹತ್ರ ಬನ್ನಿ. ಗುಟ್ಟು ಹೇಳೋ ಹಾಗೆ."

"ಗುಟ್ಟು ನನ್ನ ಬಾಯಲ್ಲಿ ಯಾವತ್ತು ನಿಂತಿದೆ," ಎನ್ನುತ್ತಾ ಮೈಕಮ್ಮ ಬಗ್ಗಿದಳು. ಮೆಲುದನಿಯಲ್ಲಿ, "ಹಳದಿ ಕಾರು ಬರ್ತಾ ಇದೆ. ಅದನ್ನ ಓಡಿಸ್ತಾ ಇರೋಳು ನಮ್ಮ ಹುಡುಗಿ" ಎಂದಳು.

ಅಂಗಡಿಯವನು ಅವಳ ಕಿವಿಗೆ ಹೆಡ್‌ಫೋನ್ ಹಾಕಿ ಅದನ್ನೇ ಕೇಳಿಸಿದ. ಫ್ಯಾನಿನ ಸದ್ದಿಲ್ಲ, ಬೀದಿಯ ಸದ್ದಿಲ್ಲ. ಬೆಚ್ಚಗಿನ, ಒಂಚೂರು ಒಡಕಾದ, ಪಕ್ಕದಲ್ಲೇ ಕೂತು ಮಾತಾಡಿದಂಥ ದನಿ. ನಿಲ್ದಾಣದ ಮಾಡಿನ ಕೆಳಗೆ ಪ್ರತಿಧ್ವನಿಸುತ್ತಿದ್ದ ತನ್ನ ದನಿ ಅವಳಿಗೆ ಗೊತ್ತಿತ್ತು. ಇದನ್ನು ಅವಳು ಕೇಳಿಯೇ ಇರಲಿಲ್ಲ.

"ಇನ್ನೊಂದ್ ಸಲ ಹಾಕಿ," ಎಂದಳು.

ಇನ್ನೊಂದು ಸಲ ಹಾಕಿದ. ಅವಳು ಹೆಡ್‌ಫೋನ್ ತೆಗೆದಿಟ್ಟು, ಸೆರಗಿನಿಂದ ಮೂಗೊರೆಸಿಕೊಂಡು ವ್ಯವಹಾರಕ್ಕಿಳಿದಳು. ಮುಚ್ಚಿದ ಕ್ಯಾಬಿನೆಟ್ಟನ್ನೂ ದುಬಾರಿ ಮೈಕನ್ನೂ ಚಿಕ್ಕ ಕಾರ್ಡನ್ನೂ ವಾಪಸು ತೆಗೆದುಕೊಂಡು, ಈ ಮೊಂಡು ಮೈಕು, ಗಾಳಿಯಾಡುವ ಕ್ಯಾಬಿನೆಟ್ಟು, ಮೂರು ಫ್ಯಾನಿನ ಕಾರ್ಡು ಕೊಡಬೇಕು.

ಮಾರಿದ ಮಾಲು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವನು ಗೋಡೆಯ ಮೇಲಿನ ಬರಹ ತೋರಿಸಿದ. ಕ್ಯಾಬಿನೆಟ್ಟಿಗೆ ಒಂದು ಗೀರು ಬಿದ್ದಿದ್ದರೂ ಯಾರಿಗೆ ಮಾರಲಿ ಎಂದ.

"ಗೀರು ಎಲ್ಲಿಂದ ಬರ್ಬೇಕು? ಹಾಳೆನೇ ಕಿತ್ತಿಲ್ಲ!"

ಅಂಗಡಿಯವನು ಹೊಟ್ಟೆ ಕುಲುಕಿಸಿಕೊಂಡು ನಕ್ಕು, "ತಗೊಂಡ್ಬನ್ನಿ, ನೋಡೋಣ" ಎಂದ.

ಶನಿವಾರ ಮೈಕಮ್ಮ ಏನೂ ಹೇಳದೆ ಚುಟುಕಿಯನ್ನು ಅಂಗಡಿಗೆ ಕರೆದೊಯ್ದಳು. ಕ್ಯಾಬಿನೆಟ್ಟು ಯಾಕೆ ಜೊತೆಗೆ ಎಂದು ಚುಟುಕಿ ದಾರಿಯುದ್ದಕ್ಕೂ ಕೇಳಿದಳು. ಅತ್ತೆಯ ಬಾಯಿಗೆ ಬೀಗ. ಅಂಗಡಿಯವನು ದೊಡ್ಡ ಕಾರ್ಡಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಾಗ ಚುಟುಕಿ ಕಕ್ಕಾಬಿಕ್ಕಿಯಾದಳು. ಡಬ್ಬಿಯನ್ನು ಮುಟ್ಟದೆ ಅತ್ತೆಯ ಮುಖ ನೋಡಿದಳು.

"ಇದು ಸದ್ದು ಮಾಡುತ್ತೆ ಅತ್ತೆ."

"ಮಾಡ್ಲಿ ಬಿಡು. ಅಷ್ಟು ಕೆಲ್ಸ ಮಾಡೋದಕ್ಕೆ ಉಸಿರಾಡೋಕೂ ಬಿಡಬಾರ್ದಾ?"

ಚುಟುಕಿ ಅತ್ತೆಯ ಭುಜಕ್ಕೆ ತಲೆ ಆನಿಸಿದಳು. ಹೀಗೆಲ್ಲ ಮಾಡುವ ಹುಡುಗಿಯಲ್ಲ. ಮೈಕಮ್ಮ ಅಲ್ಲಾಡದೆ ನಿಂತಳು, ಅಂಗಡಿಯವನು ಏನೋ ಹುಡುಕುವ ನೆಪ ಮಾಡಿ ಒಳಗೆ ಹೋದ. ಆಮೇಲೆ ಇಬ್ಬರೂ ಸೇರಿ ಹೊಸ ಕ್ಯಾಬಿನೆಟ್ಟಿನ ಮುಂಭಾಗಕ್ಕೆ, ಬೀಸಣಿಗೆಯ ಹಾಗೆ ನಿಧಾನವಾಗಿ ತಿರುಗುವ ದೊಡ್ಡ ಫ್ಯಾನುಗಳನ್ನು ಆರಿಸಿದರು. ಮೈಕಮ್ಮ ಕಣ್ಣುಮುಚ್ಚಿ ಕೇಳಿ, "ಇದು ನಿದ್ದೆ ಮಾಡೋರ ಉಸಿರಿನ ಹಾಗಿದೆ, ಇದೇ ಇರ್ಲಿ" ಎಂದಳು.

ಭಾನುವಾರ ಎರಡನೆಯ ಲೈವ್. ಮೈಕಮ್ಮ ಈ ಸಲ ಚುಟುಕಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಳು, ಮೈಕು ಬಾಯಿಯ ಹತ್ತಿರವೇ. ಮೊದಮೊದಲು ಅಭ್ಯಾಸಬಲದಿಂದ ದನಿ ಏರುತ್ತಿತ್ತು. ಚುಟುಕಿ ಮೊಣಕೈಯಿಂದ ಮೆಲ್ಲಗೆ ತಿವಿದಾಗ ಇಳಿಯುತ್ತಿತ್ತು. ಎರಡನೇ ಸುತ್ತಿನ ಹೊತ್ತಿಗೆ ಹದ ಸಿಕ್ಕಿತು. ಮರಗಳಿಗೆ ಎಲೆ ಬಂದಿತ್ತು, ಎಲೆಯ ಮೇಲೆ ಬಿಸಿಲೂ ಇತ್ತು. ರೇಸನ್ನು ಬಿಟ್ಟು ಮೈಕಮ್ಮ ಒಂದಷ್ಟು ಹೊತ್ತು ಆ ಬಿಸಿಲನ್ನೇ ಬಣ್ಣಿಸಿದಳು. ನೋಡುವವರಿಗೆ ಅದೂ ಹಿಡಿಸಿತು. ದನಿ ಸ್ಪಷ್ಟವಾಗಿದೆ, ಪಕ್ಕದಲ್ಲಿ ಕೂತು ಹೇಳಿದ ಹಾಗಿದೆ ಎಂದು ಬರೆದರು. ಇನ್ಯಾರೋ ಮಲಗಿಕೊಂಡು ಕೇಳುತ್ತಿದ್ದೇನೆ, ನಿಲ್ಲಿಸಬೇಡಿ ಎಂದರು.

ನಡುವೆ ಬಾಗಿಲಲ್ಲಿ ಮೇಷ್ಟ್ರು ಪ್ರತ್ಯಕ್ಷನಾದ. ಕೆಂಪು ಕಾರು ಅಡ್ಡ ನುಗ್ಗಿದಾಗ ಅವನಿಗೆ ತಡೆಯಲಾಗಲಿಲ್ಲ. ಎರಡೇ ಹೆಜ್ಜೆಗೆ ಅಕ್ಕನ ಬೆನ್ನ ಹಿಂದೆ ಬಂದು ಬಗ್ಗಿ ಕಿರುಚಿದ.

"ಕನ್ನಡಿ! ಕನ್ನಡಿ ನೋಡ್ದೆ ತಿರುಗಿಸ್ತಾನಲ್ಲ! ಇಂಥೋನಿಗೆ ಲೈಸೆನ್ಸ್ ಕೊಟ್ಟೋರು ಯಾರು?"

"ಇವರು ನಮ್ಮ ಸಂಚಾರ ತಜ್ಞರು," ಎಂದಳು ಮೈಕಮ್ಮ ಒಂದಿಷ್ಟೂ ತಡವರಿಸದೆ. "ಆಗಾಗ ಹೀಗೆ ಸ್ಫೋಟ ಆಗ್ತಾರೆ, ಯಾರೂ ಗಾಬರಿಯಾಗಬೇಡಿ."

ತೆರೆಯ ಪಕ್ಕದಲ್ಲಿ ನಗುವ ಮುಖಗಳ ಸಾಲೇ ಹರಿದುಬಂತು. ಮೇಷ್ಟ್ರು ಅದನ್ನು ಓದಿ, ಕೊರಳಪಟ್ಟಿ ಸರಿಮಾಡಿಕೊಂಡು, ಹೋಗುವ ಲಕ್ಷಣವನ್ನೇ ತೋರಿಸದೆ ಅಲ್ಲೇ ನಿಂತ. ಚುಟುಕಿ ಮೂರನೆಯವಳಾಗಿ ಗುರಿ ಮುಟ್ಟಿದಳು. ಕೊನೆಯ ತಿರುವಿನಲ್ಲಿ ಯಾಕೆ ಹಿಂದೆ ಬಿದ್ದೆ, ಟೈರು ಎಲ್ಲಿ ಜಾರಿತು, ಮುಂದಿನ ಸಲ ಎಲ್ಲಿ ಬ್ರೇಕು ಹಾಕಬೇಕು ಎಂದು ಅವಳೇ ಮೈಕಿನ ಕಡೆ ವಾಲಿ ನೋಡುವವರಿಗೆ ವಿವರಿಸಿದಳು. ವಿವರಿಸುತ್ತಲೇ ಹೋದಳು. ಮೈಕಮ್ಮ ಸ್ಟೂಲನ್ನು ಒಂದಿಷ್ಟು ಹಿಂದಕ್ಕೆ ಸರಿಸಿ ಅವಳಿಗೆ ಜಾಗ ಬಿಟ್ಟುಕೊಟ್ಟಳು.

ಊಟದ ಹೊತ್ತಿಗೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡ.

"ಮುಂದಿನ ವಾರ ಎಷ್ಟು ಗಂಟೆಗೆ?"

"ಯಾಕೆ? ಪುರುಸೊತ್ತಿದ್ಯಾ?" ಎಂದಳು ಮೈಕಮ್ಮ.

"ಹಾಗಲ್ಲ. ನಿಂತು ನಿಂತು ನನ್ನ ಸೊಂಟ ಹಿಡ್ಕೊಂಡಿದೆ. ಕೂರೋಕೆ ಏನಾದ್ರೂ ಬೇಕು."

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಶನಿವಾರ ಮೂವರೂ ಸೇರಿ ಕುರ್ಚಿ ಆರಿಸಲು ಹೋದರು. ಕಿರುಗುಟ್ಟದ ಕುರ್ಚಿಯೇ ಬೇಕೆಂದು ಮೇಷ್ಟ್ರು ಅಂಗಡಿಯಲ್ಲಿದ್ದ ಎಲ್ಲದರ ಮೇಲೂ ಕೂತು ಎದ್ದ, ಅವನು ಕೂತ ಒಂದೊಂದಕ್ಕೂ ಮೈಕಮ್ಮ ಕಿವಿಗೊಟ್ಟು ತೀರ್ಪು ಕೊಟ್ಟಳು. ಚುಟುಕಿ ಅಂಗಡಿಯ ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.